ಬಿಟ್ಟಿ ಅಲ್ಲ, ಬಾಕಿ!

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ದುಡಿಯುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ,

ನಮ್ಮನ್ನು ಸೋಮಾರಿಗಳು ಅಂತಿದ್ದಾರೆ. ಕೇಳಿಸಿತಾ?

ಟಿ.ವಿ.ಯಲ್ಲಿ ಅಂತಾರೆ. ಬಸ್ಸಿನಲ್ಲಿ ಅಂತಾರೆ. ಹೊಲದ ಬದುವಿನ ಮೇಲೆ ಕೊಡೆ ಹಿಡಿದು ನಿಂತು ಅಂತಾರೆ. ‘ಎರಡು ಸಾವಿರ ಬಿಟ್ಟಿ, ಅಕ್ಕಿ ಬಿಟ್ಟಿ, ಬಸ್ಸು ಬಿಟ್ಟಿ. ಇನ್ನು ಇವರು ಯಾಕ್ರೀ ದುಡೀತಾರೆ?’

ಯಾರಿಗೆ ಅಂದ ಮಾತು ಇದು? ನಸುಕಿಗೆ ಎದ್ದು ರೊಟ್ಟಿ ಬಡಿದು, ಟಂಟಂನಲ್ಲಿ ಜೋತಾಡುತ್ತಾ ಹೋಗಿ, ಕಂಪ್ಲಿಯ ಗದ್ದೆಯ ಕೆಸರಿನಲ್ಲಿ ಹೊತ್ತು ಮುಳುಗುವ ತನಕ ನಾಟಿ ಹಾಕುವ ಹೆಣ್ಣುಮಗಳಿಗೆ! ಸಂಡೂರಿನ ಗುಡ್ಡದಲ್ಲಿ ಹರೆಯವನ್ನೆಲ್ಲ ಅದಿರಿಗೆ ಸುರಿದು, ಈಗ ಏರು ಹತ್ತಲಾಗದೆ ಏದುಸಿರು ಬಿಡುವ ಅಣ್ಣನಿಗೆ! ಹೊಸಪೇಟೆಯ ಸಕ್ಕರೆ ಕಾರ್ಖಾನೆಯ ಬಾಗಿಲು ಮುಚ್ಚಿದ ಮೇಲೆ ಆಟೋ ಹಿಡಿದ ಮನುಷ್ಯನಿಗೆ! ಹಂಪಿಯ ಬಿಸಿಲಲ್ಲಿ ಎಳನೀರು ಕೊಚ್ಚಿ ಕೈ ಕಾಯಿಗಟ್ಟಿದವನಿಗೆ!

ನಾವು ಸೋಮಾರಿಗಳಂತೆ!

ಸುಮ್ಮನೆ ಕೇಳಿಕೊಂಡು ಬಂದೆವು. ನಾಚಿಕೆಯಿಂದ ತಲೆ ತಗ್ಗಿಸಿದೆವು. ಬ್ಯಾಂಕಿನ ಸಾಲಿನಲ್ಲಿ ಸೆರಗು ಮುಚ್ಚಿಕೊಂಡು ನಿಂತೆವು, ಏನೋ ಕದ್ದವರ ಹಾಗೆ. ಎರಡು ಸಾವಿರದ ಕಂತು ತಿಂಗಳುಗಟ್ಟಲೆ ತಡವಾದರೂ ಕೇಳಲು ಬಾಯಿ ಬರಲಿಲ್ಲ. ದಾನಕ್ಕೆ ತಗಾದೆ ಮಾಡುವುದು ಹೇಗೆ ಅಂದುಕೊಂಡೆವು. ಸಾಕು. ಇವತ್ತು ಲೆಕ್ಕ ತೆಗೆಯೋಣ. ಯಾರು ಯಾರಿಗೆ ಕೊಡಬೇಕು, ಯಾರ ಅನ್ನ ಯಾರು ತಿಂದರು, ಪೈಸೆ ಬಿಡದೆ ನೋಡೋಣ.

ಮೊದಲು ಒಲೆಯ ಮುಂದಿನ ಲೆಕ್ಕ

ಅಕ್ಕಾ, ನೀನು ದಿನಕ್ಕೆ ಎಷ್ಟು ಹೊತ್ತು ಮನೆಗೆಲಸ ಮಾಡುತ್ತೀ? ಯಾರೂ ಕೇಳಿಲ್ಲ ಅಲ್ಲವೇ? ಕೇಂದ್ರ ಸರ್ಕಾರವೇ ಕೇಳಿದೆ. 2024ರ ಸಮಯ ಬಳಕೆ ಸಮೀಕ್ಷೆ ಅಂತ ಅದರ ಹೆಸರು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣುಮಗಳ ದಿನದ ಸರಾಸರಿ 289 ನಿಮಿಷ. ಅದನ್ನು ಮಾಡುವ ಗಂಡಸಿನದು 88 ನಿಮಿಷ. ಗಂಡಸರೇ, ಈ ಸಾಲನ್ನು ಇನ್ನೊಮ್ಮೆ ಓದಿ!

289 ನಿಮಿಷ ಅಂದರೆ ತಿಂಗಳಿಗೆ ನೂರನಲವತ್ತನಾಲ್ಕೂವರೆ ಗಂಟೆ. ಇದು ದೇಶದ ಸರಾಸರಿ. ನಳದಲ್ಲಿ ನೀರು ಬರುವವರೂ, ಮನೆಯಲ್ಲಿ ಮಿಕ್ಸಿ, ವಾಷಿಂಗ್ ಮಷಿನ್ ಇರುವವರೂ ಇದರಲ್ಲಿದ್ದಾರೆ. ನೀರಿಗೆ ಕೊಡ ಹಿಡಿದು ಕಾಯುವ ತಾಂಡಾದ ಅವ್ವನ ಗಂಟೆ ಇನ್ನೂ ಜಾಸ್ತಿಯೇ ಇದ್ದೀತು.

ಈಗ 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರವನ್ನು ಆ ಗಂಟೆಗಳಿಗೆ ಹಂಚಿ. ಗಂಟೆಗೆ ಹದಿನಾಲ್ಕು ರೂಪಾಯಿಯೂ ಬೀಳುವುದಿಲ್ಲ! 2025-26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 46 ರೂಪಾಯಿ ಚಿಲ್ಲರೆ. ಆ ದರದಲ್ಲಿ ಅಕ್ಕನ ಮನೆಗೆಲಸಕ್ಕೆ ತಿಂಗಳಿಗೆ ಆರು ಸಾವಿರದ ಆರುನೂರು ದಾಟುತ್ತದೆ.

ಕೊಟ್ಟದ್ದು ಎರಡು ಸಾವಿರ. ಉಳಿದದ್ದು ಎಲ್ಲಿ?

‘ಅದು ಕೆಲಸವೇ ಅಲ್ಲ’ ಅನ್ನುವವರಿದ್ದಾರೆ. ಹಾಗಾದರೆ ಒಂದು ವಾರ ಮಾಡಬೇಡ ಅಕ್ಕಾ. ರೊಟ್ಟಿ ಇಲ್ಲದೆ ಗಣಿಗೆ ಯಾವ ಆಪರೇಟರ್ ಹೋಗುತ್ತಾನೆ? ಒಗೆದ ಬಟ್ಟೆ ಇಲ್ಲದೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಶಿಫ್ಟಿಗೆ ಯಾವ ಹುಡುಗ ಹೋಗುತ್ತಾನೆ? ಜ್ವರ ಬಂದ ಮಗುವನ್ನು ನೋಡುವವರಿಲ್ಲದೆ ಯಾವ ಡ್ರೈವರ್ ಲಾರಿ ಹತ್ತುತ್ತಾನೆ? ನಾಳೆ ಬೆಳಿಗ್ಗೆ ಕಾರ್ಖಾನೆಯ ಗೇಟಿಗೆ ಗಟ್ಟಿಮುಟ್ಟಾದ ಆಳು ಬಂದು ನಿಲ್ಲುತ್ತಾನಲ್ಲ, ಅವನನ್ನು ಹೆತ್ತು, ಉಣಿಸಿ, ಮಲಗಿಸಿ, ಎಬ್ಬಿಸಿ ಕಳಿಸಿದವರು ಯಾರು? ಆ ಕೆಲಸಕ್ಕೆ ಮಾಲೀಕ ನಯಾಪೈಸೆ ಕೊಟ್ಟಿಲ್ಲ. ಅವನಿಗೆ ಅದು ಬಿಟ್ಟಿ ಸಿಕ್ಕಿದೆ.

ಬಿಟ್ಟಿ ತಿಂದವರು ಯಾರು ಈಗ ಹೇಳಿ!

ಇದು ನಾವೊಬ್ಬರೇ ಕೇಳಿದ ಪ್ರಶ್ನೆಯಲ್ಲ. 1972ರಲ್ಲಿ ಇಟಲಿ, ಇಂಗ್ಲೆಂಡ್, ಅಮೆರಿಕದ ಹೆಂಗಸರು ಸೇರಿ ಮನೆಗೆಲಸಕ್ಕೆ ಕೂಲಿ ಕೊಡಿ ಅಂತ ಚಳವಳಿ ಕಟ್ಟಿದರು. ಸೆಲ್ಮಾ ಜೇಮ್ಸ್, ಮರಿಯಾರೋಸಾ ದಲ್ಲಾ ಕೋಸ್ತಾ, ಸಿಲ್ವಿಯಾ ಫೆಡೆರಿಚಿ ಅಂತ ಅವರ ಹೆಸರುಗಳು. ಆಗಲೂ ಜನ ನಕ್ಕರು.

ನಮ್ಮ ಆಶಾ ಅಕ್ಕಂದಿರನ್ನೇ ನೋಡಿ. ಬಸುರಿಯನ್ನು ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಕೊರೋನಾದಲ್ಲಿ ಮನೆಮನೆ ತಿರುಗಿದರು. ಅವರಿಗೆ ಕೊಡುವುದು ಕೂಲಿಯಲ್ಲವಂತೆ, ಗೌರವಧನವಂತೆ! ತಿಂಗಳಿಗೆ ಹತ್ತು ಸಾವಿರ ಖಾತ್ರಿ ಅನ್ನುವ ಒಂದು ಮಾತು ಪಡೆಯಲು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ನೆಲದ ಮೇಲೆ ಮಲಗಬೇಕಾಯಿತು. ಕೆಲಸ ಹೆಂಗಸರು ಮಾಡಿದರೆ ಸೇವೆ. ಗಂಡಸರು ಮಾಡಿದರೆ ನೌಕರಿ!

‘ಆಳು ಸಿಗುತ್ತಿಲ್ಲ’ ಅನ್ನುವವರಿಗೆ

ಕಂಪ್ಲಿ, ಎಮ್ಮಿಗನೂರು ಕಡೆ ಈಗ ಎಲ್ಲಿ ಹೋದರೂ ಇದೇ ಗೋಳು. ‘ಎರಡು ಸಾವಿರ ಬಂದಾಗಿನಿಂದ ಆಳೇ ಬರ್ತಿಲ್ಲ!’

ಯೋಚಿಸಿ. ತಿಂಗಳಿಗೆ ಎರಡು ಸಾವಿರ ಅಂದರೆ ದಿನಕ್ಕೆ ಅರವತ್ತೇಳು ರೂಪಾಯಿ. ಅಷ್ಟರಲ್ಲಿ ಐದು ಹೊಟ್ಟೆ ತುಂಬುತ್ತದೆಯೇ? ಮಗಳ ಫೀಸು, ಅತ್ತೆಯ ಬಿಪಿ ಗುಳಿಗೆ, ಸಂಘದ ಸಾಲದ ವಾರದ ಕಂತು ತೀರುತ್ತದೆಯೇ? ಹೆಣ್ಣಾಳು ಕೆಲಸ ಬಿಟ್ಟಿಲ್ಲ. ಕಡಿಮೆ ಕೂಲಿಗೆ ‘ಒಲ್ಲೆ’ ಅನ್ನುವ ಧೈರ್ಯ ಬಂದಿದೆ, ಅಷ್ಟೆ. ಮುಂಗಡ ಕೊಟ್ಟು ಹಂಗಿನಲ್ಲಿ ಇಟ್ಟುಕೊಂಡವರ ಹಿಡಿತ ಒಂದು ಬೆರಳು ಸಡಿಲಾಗಿದೆ. ಅದಕ್ಕೇ ಇಷ್ಟು ಸಂಕಟ!

ಅವರ ಬಾಯಿಂದಲೇ ಸತ್ಯ ಬಿತ್ತು ನೋಡಿ. ಆಳು ಬರದಿದ್ದರೆ ನಾಟಿ ಇಲ್ಲ. ನಾಟಿ ಇಲ್ಲದಿದ್ದರೆ ಭತ್ತ ಇಲ್ಲ. ಅಂದಮೇಲೆ ಭತ್ತದ ಬೆಲೆ ಯಾರ ಕೈಯಿಂದ ಹುಟ್ಟಿತು? ಸ್ಕಾಟ್ಲೆಂಡಿನ ಆಡಂ ಸ್ಮಿತ್ 1776ರಲ್ಲೇ ಬರೆದಿದ್ದು ಇದನ್ನೇ: ಸರಕಿನ ಬೆಲೆಯ ಬುಡದಲ್ಲಿ ದುಡಿಮೆ ಇದೆ. ಕಾರ್ಲ್ ಮಾರ್ಕ್ಸ್ 1867ರಲ್ಲಿ ಅದನ್ನೇ ತಿರುಗಿಸಿ ಕೇಳಿದ: ಹಾಗಾದರೆ ದುಡಿದವನಿಗೆ ಕೊಟ್ಟು ಉಳಿದದ್ದು ಯಾರ ಜೇಬಿಗೆ ಹೋಯಿತು? ದಪ್ಪ ದಪ್ಪ ಪುಸ್ತಕಗಳು. ಬದುವಿನ ಮೇಲೆ ಕೊಡೆ ಹಿಡಿದು ನಿಂತವರು ಓದದೆಯೇ ಒಪ್ಪಿಕೊಂಡಿದ್ದಾರೆ!

ಸಂಡೂರಿನ ಗುಡ್ಡವನ್ನು ಯಾರು ಮಾಡಿದರು?

ಈಗ ದೊಡ್ಡ ಲೆಕ್ಕ. ಸಂಡೂರಿನವರು ಸ್ವಲ್ಪ ಹತ್ತಿರ ಬನ್ನಿ. ನಿಮಗೆ ಗೊತ್ತಿಲ್ಲದ್ದೇನನ್ನೂ ಹೇಳುವುದಿಲ್ಲ. ಆದರೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡೋಣ.

ಚೀನಾದವರು ಅದಿರು ಬೇಕು ಅಂದರು. 2003ರ ಈಚೆಗೆ ಗುಡ್ಡಕ್ಕೆ ಗುಡ್ಡವೇ ಲಾರಿ ಹತ್ತಿತು. ದಾಳಿಂಬೆ, ಜೋಳ, ಶೇಂಗಾದ ಹೊಲಗಳೂ ಅದಿರಿನ ಹೊಂಡಗಳಾದವು. ಹೆಂಗಸರು, ಮಕ್ಕಳು ಸುತ್ತಿಗೆ ಹಿಡಿದು ಕಲ್ಲು ಒಡೆದರು. ಬೆಳೆ ಕೆಂಪಾಯಿತು. ಬಾವಿ ಕೆಂಪಾಯಿತು. ಒಗೆದು ಒಣಹಾಕಿದ ಬಿಳಿ ಪಂಚೆ ಕೆಂಪಾಯಿತು. ಕೆಮ್ಮಿದರೆ ಕಫವೂ ಕೆಂಪು. ಹೊಸಪೇಟೆಯಿಂದ ಸಂಡೂರಿಗೆ ಬೈಕಿನಲ್ಲಿ ಹೋದ ಮಗ ಮನೆಗೆ ಬಂದನೋ ಇಲ್ಲವೋ ಅಂತ ತಾಯಂದಿರು ಬಾಗಿಲಲ್ಲಿ ನಿಂತ ಕಾಲ ಅದು.

ಆಗ ಆ ಅದಿರಿಗೆ ಸರ್ಕಾರ ತೆಗೆದುಕೊಂಡ ರಾಯಧನ ಎಷ್ಟು ಗೊತ್ತೇ? 2009ರ ಆಗಸ್ಟ್ ತನಕ ಅತ್ಯುತ್ತಮ ದರ್ಜೆಯ ಗಟ್ಟಿ ಅದಿರಿಗೂ ಟನ್ನಿಗೆ 27 ರೂಪಾಯಿ! ಹೊರದೇಶದಲ್ಲಿ ಅದೇ ಟನ್ನು ಸಾವಿರಾರು ರೂಪಾಯಿಗೆ ಬಿಕರಿಯಾಗುತ್ತಿತ್ತು. ಟನ್ನಿಗೆ 27! ಹೊಸಪೇಟೆಯ ಸಂತೆಯಲ್ಲಿ ಬುಟ್ಟಿ ಮಣ್ಣು ಕೇಳಿದರೂ ಅದಕ್ಕಿಂತ ಜಾಸ್ತಿ ಹೇಳಿಯಾರು.

ಅದೂ ಕಟ್ಟಿದವರ ಮಾತಾಯಿತು. ಕಟ್ಟದವರು? ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ವರದಿ ಕೊಟ್ಟರು. ಅಕ್ರಮ ಗಣಿಯಿಂದ ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ! ಆ ವರ್ಷದ ಜನಗಣತಿಯಲ್ಲಿ ನಮ್ಮ ಅಖಂಡ ಬಳ್ಳಾರಿ ಜಿಲ್ಲೆಯ ಜನ ಇಪ್ಪತ್ತನಾಲ್ಕೂವರೆ ಲಕ್ಷ. ಭಾಗಿಸಿ ನೋಡಿ. ತೊಟ್ಟಿಲ ಕೂಸೂ ಸೇರಿ ತಲೆಗೆ ಅರವತ್ತೈದು ಸಾವಿರ! ಚಿತ್ರದುರ್ಗ, ತುಮಕೂರಿನ ಗಣಿಗಳ ಪಾಲೂ ಅದರಲ್ಲಿದೆ ಅಂತೀರಾ? ಇರಲಿ, ಅರ್ಧ ಅವರಿಗೇ ಬಿಟ್ಟುಕೊಡೋಣ. ಆದರೂ ಐದು ಜನರ ಮನೆಗೆ ಒಂದೂವರೆ ಲಕ್ಷದ ಮೇಲೆ ಬರುತ್ತದೆ.

ಅಷ್ಟು ದುಡ್ಡು ಹೋದಾಗ ಯಾರಾದರೂ ‘ಬಿಟ್ಟಿ ಭಾಗ್ಯ’ ಅಂದರೇ? ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿ ಇಟ್ಟ ಅದಿರೇ ರಾಶಿರಾಶಿಯಾಗಿ ಮಾಯವಾಯಿತಲ್ಲ, ಆಗ ಯಾರಾದರೂ ‘ಇವರು ದುಡಿಯದೆ ತಿನ್ನುತ್ತಿದ್ದಾರೆ’ ಅಂದರೇ? 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿತು. ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಅಂತ ಸರ್ಕಾರವೇ ಹೇಳಿತು. ಕಂಪನಿಯವರು ಸೋಮಾರಿಗಳಾಗುತ್ತಾರೆ ಅಂತ ಯಾವ ಟಿ.ವಿ. ಚರ್ಚೆ ನಡೆಸಿತು?

ವರದಿ ಬಂದ ಎರಡೇ ದಿನಕ್ಕೆ, ಜುಲೈ 29ಕ್ಕೆ, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಸರಿಯಾದದ್ದೇ. ಆದರೆ ಶಿಕ್ಷೆ ಯಾರ ಹೊಟ್ಟೆಗೆ ಬಿತ್ತು? ಧಣಿಗಳ ಬಂಗಲೆಯಲ್ಲಿ ದೀಪ ಆರಲಿಲ್ಲ. ರಾತ್ರೋರಾತ್ರಿ ಕೆಲಸ ಹೋಗಿದ್ದು ದಿನಗೂಲಿಯವರದು. ಲಾರಿ ಸಾಲದ ಕಂತು ಕಟ್ಟಲಾಗದವರದು. ತಾಂಡಾಗಳಲ್ಲಿ ಮನೆಗೆ ಮನೆಯೇ ಬೀಗ ಹಾಕಿ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಯಿತು. ಮಕ್ಕಳ ಶಾಲೆ ಅಲ್ಲಿಗೇ ನಿಂತಿತು. ಪರಿಹಾರ? ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲವಲ್ಲ! ದುಡಿಸಿಕೊಳ್ಳುವಾಗ ಆಳು. ಲೆಕ್ಕ ಕೊಡುವಾಗ ಯಾರೋ.

ಈಗ ಗುಡ್ಡದ ಪ್ರಶ್ನೆಗೆ ಬನ್ನಿ. ಅದಿರನ್ನು ಅಗೆದದ್ದು, ಒಡೆದದ್ದು, ತುಂಬಿದ್ದು, ಸಾಗಿಸಿದ್ದು ಕಾರ್ಮಿಕ. ಸರಿ. ಆದರೆ ಅದಿರನ್ನೇ ಮಾಡಿದವರು ಯಾರು? ಲೀಸು ಹಿಡಿದವನೇ? ಅವನ ಅಜ್ಜನೇ? ಮಂತ್ರಿಯೇ? ಯಾರೂ ಅಲ್ಲ! ಕೋಟಿ ಕೋಟಿ ವರ್ಷ ಭೂಮಿಯ ಹೊಟ್ಟೆಯಲ್ಲಿ ತಾನಾಗಿ ಕೂತಿತ್ತು. ಯಾರ ಬೆವರೂ ಅದರಲ್ಲಿಲ್ಲ.

ಅಂದಮೇಲೆ ನ್ಯಾಯ ನೇರವಾಗಿದೆ. ದುಡಿದು ಹುಟ್ಟಿಸಿದ್ದು ದುಡಿದವರದು. ಯಾರೂ ದುಡಿದು ಮಾಡದ್ದು ಎಲ್ಲರದು.

ಮೊದಲನೆಯದಕ್ಕೆ ನಮಗೆ ಕೂಲಿ ಬರಬೇಕು, ಪೂರ್ತಿ. ಎರಡನೆಯದಕ್ಕೆ ನಮಗೆ ಪಾಲು ಬರಬೇಕು, ತಪ್ಪದೆ, ತಿಂಗಳು ತಿಂಗಳೂ. ‘ಕೆಲಸ ಮಾಡದೆ ಯಾಕೆ ಕೊಡಬೇಕು’ ಅಂತ ಕೇಳುತ್ತಾರಲ್ಲ, ಉತ್ತರ ಇಲ್ಲೇ ಇದೆ: ನೀವೂ ಮಾಡದ ಗುಡ್ಡವನ್ನು ಮಾರಿಕೊಂಡಿರಲ್ಲ, ಅದಕ್ಕೆ!

ಥಾಮಸ್ ಪೇನ್ ಅನ್ನುವವನು 1797ರಲ್ಲೇ ಇದನ್ನು ಬರೆದ. ಅವನೂ ನಮ್ಮ ಹಾಗೆ ಕರಪತ್ರ ಹಂಚುವವನೇ! ನೆಲವನ್ನು ಯಾರೂ ಸೃಷ್ಟಿಸಿಲ್ಲ, ಹಿಡಿದುಕೊಂಡವರು ಉಳಿದವರಿಗೆ ಬಾಡಿಗೆ ಕೊಡಬೇಕು ಅಂದ. ಇಪ್ಪತ್ತೊಂದು ತುಂಬಿದ ಪ್ರತಿಯೊಬ್ಬರಿಗೂ ಹದಿನೈದು ಪೌಂಡು, ಐವತ್ತು ದಾಟಿದವರಿಗೆ ವರ್ಷ ವರ್ಷವೂ ಹತ್ತು ಪೌಂಡು ಕೊಡಿ ಅಂದ. ದಾನವಲ್ಲ, ಹಕ್ಕು ಅಂತಲೇ ಅಂದ.

ಸಂಡೂರಿನವರಿಗೆ ಪೇನ್ ಯಾಕೆ ಬೇಕು? 1973ರಲ್ಲಿ ಇದೇ ಸಂಡೂರಿನ ಗೇಣಿದಾರರು ಉಳುವ ನೆಲಕ್ಕಾಗಿ ಸತ್ಯಾಗ್ರಹ ಹೂಡಿದರು. ಸಮಾಜವಾದಿಗಳು ಹೆಗಲು ಕೊಟ್ಟರು. ಜಾರ್ಜ್ ಫರ್ನಾಂಡಿಸ್ ಬಂದರು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ಜೈಲಿಗೆ ಹೋದವರ ಕತೆ ಹೇಳುತ್ತಾರೆ. ನೆಲದ ಮೇಲಿನದಕ್ಕೆ ಅವರು ಹೋರಾಡಿದರು. ನೆಲದ ಒಳಗಿನದು ನಮ್ಮ ಪಾಳಿ.

ಕಾಯಕದ ಹೆಸರಲ್ಲಿ ಬಯ್ಯುವವರಿಗೆ

ನಮಗೆ ಬಸವಣ್ಣನನ್ನು ತೋರಿಸಿ ಬಯ್ಯುತ್ತಾರೆ. ‘ಕಾಯಕದ ನಾಡಿದು, ಕೈಚಾಚುವ ನಾಡಲ್ಲ’ ಅಂತಾರೆ. ಆಗಲಿ. ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕತೆ ನಿಮಗೆ ಗೊತ್ತಲ್ಲ? ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಒಲೆ ಹೊತ್ತಿಸಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ಸು ಅಟ್ಟಿದಳು.

ಈ ಕತೆಯನ್ನು ನಮಗೆ ಯಾಕೆ ಹೇಳುತ್ತೀರಿ? ಹತ್ತು ಕೆ.ಜಿ. ಅಕ್ಕಿ ತಂದವಳಿಗೆ ಯಾಕೆ ಹೇಳುತ್ತೀರಿ? ಗುಡ್ಡ ತಂದವನಿಗೆ ಹೇಳಿ! ಹೆಚ್ಚಾದದ್ದನ್ನು ವಾಪಸ್ಸು ಸುರಿಯಲು ಹೇಳಿ! ಕಾಯಕದ ಜೊತೆಗೆ ದಾಸೋಹವೂ ಇತ್ತು. ಕಾಯಕ ನಮಗೆ, ದಾಸೋಹ ಯಾರಿಗೂ ಇಲ್ಲ ಅನ್ನುವ ಅರ್ಧ ಬಸವಣ್ಣ ನಮಗೆ ಬೇಡ.

ಹಂಪಿಯವರು ಮರೆತಿಲ್ಲ

ಐವತ್ತರ ಹೊಸ ನೋಟು ಇದ್ದರೆ ಹಿಂದೆ ತಿರುಗಿಸಿ. ನಮ್ಮ ಕಲ್ಲಿನ ರಥ! ದೇಶದ ದುಡ್ಡಿನ ಮೇಲೆ ಹಂಪಿ ಇದೆ. ಹಂಪಿಯವರ ಕೈಯಲ್ಲಿ ದುಡ್ಡಿಲ್ಲ.

ಆ ರಥ ಕಡೆದವರ ಹೆಸರು ಯಾರಿಗಾದರೂ ಗೊತ್ತೇ? ‘ರಾಯರು ಕಟ್ಟಿಸಿದರು’ ಅಂತ ಗೈಡುಗಳು ಹೇಳಬೇಕು, ಹೇಳುತ್ತಾರೆ. 1520ರ ಸುಮಾರಿಗೆ ಪೋರ್ಚುಗೀಸರ ದೊಮಿಂಗೊ ಪಾಯೆಸ್ ಇಲ್ಲಿಗೆ ಬಂದಿದ್ದ. ಕೆರೆಯೊಂದನ್ನು ಕಟ್ಟುತ್ತಿದ್ದುದನ್ನು ಕಣ್ಣಾರೆ ಕಂಡ. ಹದಿನೈದು ಇಪ್ಪತ್ತು ಸಾವಿರ ಜನ ಕೆಲಸದಲ್ಲಿದ್ದರು, ಕಾಲಿಟ್ಟ ನೆಲವೇ ಕಾಣುತ್ತಿರಲಿಲ್ಲ ಅಂತ ಬರೆದಿಟ್ಟ. ಕಟ್ಟೆ ಮತ್ತೆ ಮತ್ತೆ ಒಡೆಯಿತಂತೆ. ಆಗ ಅರಸ ಬಲಿ ಕೊಡಲು ಹೇಳಿದ, ಅರವತ್ತು ಮನುಷ್ಯರ ತಲೆ ದೇವಾಲಯದ ಬಾಗಿಲಲ್ಲಿ ಉರುಳಿತು ಅಂತಲೂ ಬರೆದಿದ್ದಾನೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವಾಗ ಸಿಗುವ ರಾಯರ ಕೆರೆಯೇ ಅದು ಅಂತ ಚರಿತ್ರೆ ಬಲ್ಲವರು ಹೇಳುತ್ತಾರೆ. ಹೆಸರು ರಾಯರದು!

2011ರ ಜುಲೈ ಕೊನೆಯಲ್ಲಿ, ಗಣಿ ನಿಂತ ಅದೇ ದಿನಗಳಲ್ಲಿ, ಹಂಪಿ ಬಜಾರಿಗೆ ಜೆಸಿಬಿ ಬಂತು. ಮುನ್ನೂರಕ್ಕೂ ಹೆಚ್ಚು ಕುಟುಂಬ ಬೀದಿಗೆ! ಪಾತ್ರೆ ಎತ್ತಿಕೊಳ್ಳಲೂ ಪುರುಸೊತ್ತು ಕೊಡಲಿಲ್ಲ. ದೇಶವಿದೇಶದ ಪ್ರವಾಸಿಗೆ ಚಹಾ, ಇಡ್ಲಿ, ಹಾಸಿಗೆ, ದಾರಿ ತೋರಿಸುವ ಬಾಯಿ, ಹರಿಗೋಲಿನ ಹುಟ್ಟು, ಎಲ್ಲ ಕೊಟ್ಟು ಹಂಪಿಯನ್ನು ಹಂಪಿ ಮಾಡಿದವರು ಒತ್ತುವರಿದಾರರಾದರು. ಕಡ್ಡಿರಾಂಪುರದ ಕಡೆ ಸೈಟು ತೋರಿಸಿದರು. ಸೈಟಿನಲ್ಲಿ ಪ್ರವಾಸಿ ಬರುತ್ತಾನೆಯೇ? ವ್ಯಾಪಾರ ಎಲ್ಲಿಂದ ತರುವುದು? ಟಿಕೆಟ್ಟಿನ ದುಡ್ಡು ದಿಲ್ಲಿಗೆ, ರೆಸಾರ್ಟಿನ ಬಾಡಿಗೆ ಯಾರಿಗೋ. ಹಂಪಿಯ ಹುಡುಗನಿಗೆ ರೆಸಾರ್ಟಿನ ಗೇಟಿನಲ್ಲಿ ಸೆಲ್ಯೂಟ್ ಹೊಡೆಯುವ ಕೆಲಸ!

ನಮ್ಮವರೇ ಎತ್ತುವ ಒಂದು ಅನುಮಾನ

ಸಂಘಟನೆಯ ಗೆಳೆಯರು ಕೆಲವರು ಹೇಳುತ್ತಾರೆ: ‘ಎಲ್ಲರಿಗೂ ದುಡ್ಡು ಹಾಕಿದರೆ ಮಾಲೀಕರು ಕೂಲಿ ಇಳಿಸುತ್ತಾರೆ.’ ಇದು ಬಯ್ಗುಳವಲ್ಲ, ಇದರಲ್ಲಿ ಹುರುಳಿದೆ. 1795ರಲ್ಲಿ ಇಂಗ್ಲೆಂಡಿನ ಸ್ಪೀನ್‌ಹ್ಯಾಮ್‌ಲ್ಯಾಂಡ್ ಅನ್ನುವ ಊರಿನಲ್ಲಿ ಕೂಲಿ ಕಡಿಮೆಯಾದವರಿಗೆ ರೊಟ್ಟಿಯ ಬೆಲೆ ನೋಡಿ ಊರಿನ ನಿಧಿಯಿಂದ ತುಂಬಿಕೊಡುವ ಪದ್ಧತಿ ಬಂತು. ಜಮೀನ್ದಾರರು ಕೂಲಿಯನ್ನು ಕೆಳಗೇ ಇಟ್ಟರು, ಹೇಗೂ ಊರು ಕೊಡುತ್ತದಲ್ಲ ಅಂತ! ನಮ್ಮಲ್ಲೂ ‘ಗೃಹಲಕ್ಷ್ಮಿ ಬರುತ್ತಲ್ಲ, ಕೂಲಿ ಯಾಕೆ ಜಾಸ್ತಿ’ ಅನ್ನುವ ಮಾತು ಶುರುವಾಗಿದೆ.

ಅದಕ್ಕೇ ನಾವು ಎರಡನ್ನೂ ಒಟ್ಟಿಗೆ ಕೇಳಬೇಕು. ಪಾಲೂ ಬೇಕು, ಕನಿಷ್ಠ ಕೂಲಿಯೂ ಬೇಕು. ಪಾಲು ಕೂಲಿಯ ಬದಲಿಗಲ್ಲ. ರೇಷನ್ನಿನ ಬದಲಿಗಲ್ಲ. ಸರ್ಕಾರಿ ಶಾಲೆ, ಆಸ್ಪತ್ರೆಯ ಬದಲಿಗೂ ಅಲ್ಲ. ‘ಎಲ್ಲ ಸಬ್ಸಿಡಿ ತೆಗೆದು ಒಂದೇ ಸಲ ದುಡ್ಡು ಹಾಕಿಬಿಡೋಣ’ ಅಂತ ಕೋಟು ಹಾಕಿದ ಯಾರಾದರೂ ಬಂದರೆ ಎಚ್ಚರ! 2017ರ ಜನವರಿಯಲ್ಲಿ ಬಂದ ಕೇಂದ್ರದ ಆರ್ಥಿಕ ಸಮೀಕ್ಷೆ ಎಲ್ಲರಿಗೂ ಕೊಡುವ ಮೂಲ ಆದಾಯದ ಬಗ್ಗೆ ಒಂದು ಅಧ್ಯಾಯವನ್ನೇ ಬರೆಯಿತು. ಲೆಕ್ಕ ಹಾಕಿದ್ದು ತಲೆಗೆ ವರ್ಷಕ್ಕೆ 7,620 ರೂಪಾಯಿ. ತಿಂಗಳಿಗೆ 635! ಅದರ ಬದಲಿಗೆ ಈಗಿರುವ ಯೋಜನೆಗಳನ್ನು ಕಡಿಯುವ ಮಾತೂ ಜೊತೆಗಿತ್ತು. 635 ರೂಪಾಯಿಗೆ ರೇಷನ್ ಬಿಟ್ಟುಕೊಡುವಷ್ಟು ನಾವು ಪೆದ್ದರಲ್ಲ.

ದುಡ್ಡು ಕೊಟ್ಟರೆ ಜನ ಕೆಡುತ್ತಾರೆ ಅನ್ನುವುದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. 2011-12ರಲ್ಲಿ ಮಧ್ಯಪ್ರದೇಶದ ಇಂದೋರ್ ಕಡೆಯ ಹಳ್ಳಿಗಳಲ್ಲಿ ‘ಸೇವಾ’ ಮಹಿಳಾ ಸಂಘಟನೆ, ಯುನಿಸೆಫ್ ನೆರವಿನಿಂದ, ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100 ಕೊಟ್ಟಿತು. ಆಮೇಲೆ 300, 150 ಮಾಡಿತು. ಯಾವ ಷರತ್ತೂ ಇಲ್ಲ. ಜನ ಕುಡಿದು ಬಿದ್ದರೇ? ಇಲ್ಲ! ಬೀಜ, ಗೊಬ್ಬರ ಕೊಂಡರು. ಆಡು, ಹೊಲಿಗೆ ಯಂತ್ರ ಕೊಂಡರು. ಬೇರೆಯವರ ಕೂಲಿ ಬಿಟ್ಟು ಸ್ವಂತ ಹೊಲಕ್ಕೆ ತಿರುಗಿದರು. ಒಟ್ಟು ದುಡಿಮೆ ಹೆಚ್ಚೇ ಆಯಿತು.

ಅಮೆರಿಕದ ಅಲಾಸ್ಕಾದಲ್ಲಿ ನೆಲದಡಿ ಎಣ್ಣೆ ಸಿಕ್ಕಿತು. 1976ರಲ್ಲಿ ನಿಧಿ ಕಟ್ಟಿದರು. 1982ರಿಂದ ಪ್ರತಿ ನಿವಾಸಿಗೆ, ಮಗುವಿಗೂ ಸೇರಿ, ವರ್ಷ ವರ್ಷವೂ ಪಾಲು ಹಂಚುತ್ತಾರೆ. 2024ರಲ್ಲಿ ತಲೆಗೆ 1,702 ಡಾಲರ್. ಅವರನ್ನು ಯಾರೂ ಭಿಕ್ಷುಕರು ಅಂದಿಲ್ಲ. ಅಷ್ಟು ದೂರ ಯಾಕೆ? ಪಕ್ಕದ ಗೋವಾ! ಗೋವಾ ಫೌಂಡೇಶನ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2014ರ ಏಪ್ರಿಲಿನಲ್ಲಿ, ಅದಿರು ಮಾರಿದ ದುಡ್ಡಿನ ಶೇ 10ನ್ನು ಮುಂದಿನ ಪೀಳಿಗೆಗೂ ಉಳಿಯುವ ಶಾಶ್ವತ ನಿಧಿಗೆ ಹಾಕಿ ಅಂದಿತು. ‘ಗೋಯೆಂಚಿ ಮಾಟಿ’ (ಗೋವಾದ ಮಣ್ಣು) ಚಳವಳಿಯವರು ಆ ಸಂಪತ್ತಿನ ಲಾಭವನ್ನು ಪ್ರತಿ ಗೋವಾದವರಿಗೂ ಸಮನಾಗಿ ಹಂಚಿ ಅಂತ ಕೇಳುತ್ತಿದ್ದಾರೆ. ಅವರ ಮಣ್ಣು ಅವರದು. ನಮ್ಮ ಮಣ್ಣು?

ದುಡ್ಡು ಇದೆ, ನಮ್ಮ ಹೆಸರಲ್ಲೇ ಇದೆ!

‘ಕೊಡಲು ಎಲ್ಲಿದೆ ದುಡ್ಡು’ ಅಂತಾರೆ. ಇಲ್ಲಿದೆ!

2015ರಲ್ಲಿ ಗಣಿ ಕಾನೂನಿಗೆ 9ಬಿ ಅನ್ನುವ ಕಲಂ ಸೇರಿತು. ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು. ಯಾಕೆ? ಗಣಿಗಾರಿಕೆಯಿಂದ ಬಾಧಿತರಾದ ವ್ಯಕ್ತಿಗಳ ಮತ್ತು ಪ್ರದೇಶಗಳ ಹಿತಕ್ಕಾಗಿ. ವ್ಯಕ್ತಿಗಳು ಮೊದಲು, ಪ್ರದೇಶ ಆಮೇಲೆ. ಆದರೆ ದುಡ್ಡು ಹೋಗುವುದು ಎಲ್ಲಿಗೆ? ಕಟ್ಟಡಕ್ಕೆ, ಕಾಂಕ್ರೀಟಿಗೆ, ಕಮಾನಿಗೆ, ಲೈಟು ಕಂಬಕ್ಕೆ! ಧೂಳು ಕುಡಿದ ವ್ಯಕ್ತಿಯ ಕೈಗೆ ಬಂದದ್ದೇನು?

ಲೆಕ್ಕಕ್ಕೆ ಅಂತ ಅದಿರು ಟನ್ನಿಗೆ 3,000 ರೂಪಾಯಿ ಇಟ್ಟುಕೊಳ್ಳಿ. ಈಗ ರಾಯಧನ ಶೇ 15, ಅಂದರೆ 450. ಹಳೆಯ ಲೀಸಾದರೆ ರಾಯಧನದ ಶೇ 30ರಷ್ಟು, 135 ರೂಪಾಯಿ, ಪ್ರತಿಷ್ಠಾನಕ್ಕೆ ಬರಬೇಕು. 2015ರ ಜನವರಿಯ ನಂತರ ಹರಾಜಾದ ಲೀಸಾದರೆ ಶೇ 10, ಬರೀ 45 ರೂಪಾಯಿ. ಮೂರು ಸಾವಿರದಲ್ಲಿ ನಲವತ್ತೈದು! ಹರಾಜಿನಲ್ಲಿ ಕೂಗಿದ ದೊಡ್ಡ ಪಾಲು ಬೆಂಗಳೂರಿನ ಬೊಕ್ಕಸಕ್ಕೆ. ಧೂಳು ನಮಗೆ!

ಇನ್ನೊಂದು ಗಂಟೂ ಇದೆ. ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಗಣಿ ಹಾಳು ಮಾಡಿದ್ದನ್ನು ಸರಿಪಡಿಸಲು ಅದಿರು ಮಾರಾಟದ ದುಡ್ಡಿನಲ್ಲಿ ಪಾಲು ಎತ್ತಿಡಲು ಹೇಳಿತು. ಅದಕ್ಕಾಗಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಸಾವಿರಾರು ಕೋಟಿ ಜಮೆಯಾಗಿ ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಬಡ್ಡಿ ಬೆಳೆಯಿತು. 2022ರಲ್ಲಿ ಕೋರ್ಟು ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಉಸ್ತುವಾರಿಗೆ ನೇಮಿಸಿತು. ರಸ್ತೆ, ರೈಲು, ಆಸ್ಪತ್ರೆ ಎಲ್ಲ ಪಟ್ಟಿಯಲ್ಲಿವೆ. ಬೇಡ ಅನ್ನುವುದಿಲ್ಲ, ಆಸ್ಪತ್ರೆ ಬೇಕೇ ಬೇಕು. ಆದರೆ ಕೆಲಸ ಕಳೆದುಕೊಂಡ ಗಣಿ ಕಾರ್ಮಿಕನ ಹೆಸರು ಆ ಪಟ್ಟಿಯ ಎಷ್ಟನೇ ಪುಟದಲ್ಲಿದೆ?

ಈಗ ಏನು ಮಾಡಬೇಕು?

ಸುಮ್ಮನೆ ಓದಿ ಮಡಚಿ ಜೇಬಿಗಿಡಬೇಡಿ. ಓದಲು ಬಾರದವರಿಗೆ ಓದಿ ಹೇಳಿ. ಬಸ್‌ಸ್ಟ್ಯಾಂಡಿನಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ, ನಾಟಿಯ ಗದ್ದೆಯಲ್ಲಿ ಹೇಳಿ.

ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಸಂಡೂರು, ಕಂಪ್ಲಿಯವರು ಬಳ್ಳಾರಿಗೆ, ಹೊಸಪೇಟೆ, ಹಂಪಿಯವರು ವಿಜಯನಗರ ಜಿಲ್ಲಾಧಿಕಾರಿ ಕಚೇರಿಗೆ. ಮೂರೇ ಪ್ರಶ್ನೆ ಕೇಳಿ: 2015ರಿಂದ ಖನಿಜ ಪ್ರತಿಷ್ಠಾನಕ್ಕೆ ಎಷ್ಟು ಬಂತು? ಯಾವ ಊರಲ್ಲಿ ಯಾವುದಕ್ಕೆ ಖರ್ಚಾಯಿತು? ಬಾಧಿತ ವ್ಯಕ್ತಿಗಳ ಪಟ್ಟಿ ಎಲ್ಲಿದೆ? ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು.

ಗಣಿಯಲ್ಲಿ ದುಡಿದವರು ಹಳೆಯ ಗೇಟ್ ಪಾಸು, ಕೂಲಿ ಚೀಟಿ, ಆಸ್ಪತ್ರೆಯ ಎಕ್ಸ್‌ರೇ, ಏನಿದ್ದರೂ ಹುಡುಕಿ ತೆಗೆಯಿರಿ. ಏನೂ ಇಲ್ಲದವರು ಜೊತೆಗೆ ದುಡಿದ ಇಬ್ಬರ ಸಾಕ್ಷಿ ಬರೆಸಿ. ಪಟ್ಟಿ ಅವರು ಮಾಡದಿದ್ದರೆ ಊರೂರಲ್ಲಿ ನಾವೇ ಮಾಡೋಣ. ಹೆಂಗಸರ ಹೆಸರನ್ನು ಬೇರೆಯಾಗಿಯೇ ಬರೆಯಿರಿ, ಗಂಡನ ಹೆಸರಿನ ಕೆಳಗೆ ಬೇಡ.

ಮುಂದಿನ ಗ್ರಾಮಸಭೆಗೆ ಮನೆಗೆ ಒಬ್ಬರಲ್ಲ, ಎಲ್ಲರೂ ಬನ್ನಿ! ಹೆಂಗಸರು ಮುಂದೆ ಕೂರಿ. ಅಜೆಂಡಾದಲ್ಲಿ ಇಲ್ಲ ಅಂತಾರೆ, ಸೇರಿಸಿ ಅನ್ನಿ. ಕಾನೂನು ಬಿಡುವುದಿಲ್ಲ ಅಂತಾರೆ, ಯಾವ ಕಲಂ ಅಂತ ಕೇಳಿ, ಬರೆದುಕೊಡಲು ಹೇಳಿ. ಮುಂದಿನ ಸಭೆಗೆ ಇಟ್ಟುಕೊಳ್ಳೋಣ ಅಂತಾರೆ, ಬಾಗಿಲು ಬಿಟ್ಟು ಕದಲಬೇಡಿ. ನಿರ್ಣಯ ಹೀಗಿರಲಿ: ಖನಿಜದ ದುಡ್ಡಿನಲ್ಲಿ ಬಾಧಿತ ಊರುಗಳ ಪ್ರತಿ ವಯಸ್ಕರ ಖಾತೆಗೂ ತಿಂಗಳ ಪಾಲು ಬರಬೇಕು. ಕೆಲಸ ಕಳೆದುಕೊಂಡ ಗಣಿ ಕಾರ್ಮಿಕರಿಗೆ ಮೊದಲು. ಕನಿಷ್ಠ ಕೂಲಿ, ರೇಷನ್, ಗೃಹಲಕ್ಷ್ಮಿ ಯಾವುದರಲ್ಲೂ ಇದಕ್ಕಾಗಿ ಒಂದು ಪೈಸೆಯನ್ನೂ ಕಡಿಯಕೂಡದು.

ಪಿಡಿಒ ಕೈಯಲ್ಲೇ ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದದ್ದನ್ನು ಗಟ್ಟಿಯಾಗಿ ಓದಿಸಿ. ಎಲ್ಲರೂ ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ. ಸೀಲು ಬಿದ್ದ ನಕಲು ಕೈಗೆ ಬಂದ ಮೇಲೆಯೇ ಏಳಿ!